ಅಂಕಿ ಉಂಟು, ಏಕಮಾನ ಇಲ್ಲ

ಜಮಖಂಡಿ ಮತ್ತು ರಬಕವಿ-ಬನಹಟ್ಟಿಯ ಕಡೆ ಕೃಷ್ಣೆ, ಮುಧೋಳದ ಮಗ್ಗುಲಲ್ಲಿ ಘಟಪ್ರಭೆ, ಬೀಳಗಿಗೆ ಎರಡೂ ನದಿಗಳ ನೆರೆ. ನಮ್ಮ ಈ ನಾಲ್ಕು ಊರುಗಳ ಸೀಮೆಯಲ್ಲಿ ನೀರಿನ ಮಟ್ಟ ಎಂಬುದು ಪರೀಕ್ಷೆಯ ಪ್ರಶ್ನೆಯಷ್ಟೇ ಅಲ್ಲ. 2019ರ ಆಗಸ್ಟಿನಲ್ಲಿ ನೀರು ಮನೆಯೊಳಗೆ ಬಂದದ್ದನ್ನು ಕಂಡವರು ನಮ್ಮ ತರಗತಿಗಳಲ್ಲೇ ಇದ್ದರು. ಆ ನೆರೆಯನ್ನು ಅಂಕಿಗಳಲ್ಲಿ ಅಧ್ಯಯನ ಮಾಡಬೇಕೆಂದು ಕೆಲವು ವಿದ್ಯಾರ್ಥಿಗಳು ಹೊರಟರು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ 10 ರೂಪಾಯಿ ಶುಲ್ಕ ಕಟ್ಟಿ ಒಂದು ಕಚೇರಿಗೆ ಅರ್ಜಿ ಹಾಕಿದರು. ಉತ್ತರ 30 ದಿನಗಳೊಳಗೇ ಬಂತು. ಕಚೇರಿಯನ್ನು ಹೆಸರಿಸುವುದು ನನ್ನ ಉದ್ದೇಶವಲ್ಲ. ಬಂದ ಉತ್ತರವನ್ನು ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ತಿದ್ದುವುದಷ್ಟೇ ಇಲ್ಲಿನ ಕೆಲಸ.

ಉತ್ತರದಲ್ಲಿ ದಿನಾಂಕಗಳಿದ್ದವು, ಅವುಗಳ ಮುಂದೆ ಅಂಕಿಗಳಿದ್ದವು. ಕಲಂಗಳ ತಲೆಬರಹ ಇರಲಿಲ್ಲ. ರಿಜಿಸ್ಟರಿನ ಮೊದಲ ಪುಟವನ್ನು ಬಿಟ್ಟು ಉಳಿದವನ್ನು ನಕಲು ಮಾಡಲಾಗಿತ್ತು. 'ಅಂಕಿ ಇದೆಯಲ್ಲ, ಇನ್ನೇನು ಬೇಕು?' ಎಂದು ಯಾರಾದರೂ ಕೇಳಬಹುದು. ಒಂದು ಸರಳ ಲೆಕ್ಕ ನೋಡೋಣ.

ಒಳಹರಿವು 1,00,000 ಎಂದು ಬರೆದಿದೆ ಎನ್ನಿ. ಅದು ಕ್ಯೂಸೆಕ್ಸ್, ಅಂದರೆ ಸೆಕೆಂಡಿಗೆ ಘನ ಅಡಿ ಆಗಿದ್ದರೆ, ಒಂದು ದಿನದ 86,400 ಸೆಕೆಂಡುಗಳಲ್ಲಿ ಬರುವ ನೀರು 8.64 ಟಿಎಂಸಿ. ಆಲಮಟ್ಟಿ ಜಲಾಶಯದ ಸಾಮರ್ಥ್ಯ 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ. ಹೊರಹರಿವಿಲ್ಲದಿದ್ದರೆ ಬರಿದಾದ ಜಲಾಶಯ ತುಂಬಲು 14 ದಿನ ಬೇಕು. ಅದೇ ಅಂಕಿ ಸೆಕೆಂಡಿಗೆ ಘನ ಮೀಟರ್ ಎಂದಾದರೆ ಹರಿವು 35.3 ಪಟ್ಟು ಹೆಚ್ಚು. ಜಲಾಶಯ ಹತ್ತು ಗಂಟೆಯೊಳಗೆ ತುಂಬುತ್ತದೆ! ಏಕಮಾನವಿಲ್ಲದ ಅಂಕಿ ಎರಡು ವಾರವನ್ನು ಅರ್ಧ ದಿನಕ್ಕಿಂತ ಕಡಿಮೆ ಮಾಡಬಲ್ಲದು.

ಏಕಮಾನದಷ್ಟೇ ಮುಖ್ಯವಾದವು ಇನ್ನೆರಡು. ಮೊದಲನೆಯದು ಆಧಾರ ಮಟ್ಟ. ನದಿಯ ಮಾಪಕದಲ್ಲಿ 7 ಮೀಟರ್ ಎಂದರೆ ಆ ಮಾಪಕದ ಸೊನ್ನೆಯಿಂದ 7 ಮೀಟರ್. ಸಮುದ್ರಮಟ್ಟದಿಂದ ಆ ಸೊನ್ನೆ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯದೆ, ನಮ್ಮ ಮನೆಯ ಹೊಸ್ತಿಲು ಅದಕ್ಕಿಂತ ಮೇಲೋ ಕೆಳಗೋ ಎಂದು ಹೇಳಲಾಗದು. ಎರಡನೆಯದು ಕಾಲ. ನಮ್ಮಲ್ಲಿ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ. 8ನೇ ತಾರೀಖಿನ ಎದುರು ಬರೆದ ಮಳೆಯ ಬಹುಪಾಲು 7ರಂದೇ ಸುರಿದಿರಬಹುದು. ದಿನಕ್ಕೊಮ್ಮೆ ಅಳೆದ ನದಿಮಟ್ಟದಲ್ಲಿ ರಾತ್ರಿ ಬಂದು ಇಳಿದ ನೆರೆಯ ಶಿಖರ ಕಾಣಿಸುವುದೇ ಇಲ್ಲ.

ಕಾನೂನು ಏನು ಹೇಳುತ್ತದೆ? 'ಮಾಹಿತಿ' ಎಂಬ ಪದದ ವ್ಯಾಖ್ಯೆಯಲ್ಲೇ ವಿದ್ಯುನ್ಮಾನ ರೂಪದ ದತ್ತಾಂಶವೂ ಸೇರಿದೆ. 7(9)ನೇ ಪ್ರಕರಣದಂತೆ, ಕಚೇರಿಯ ಸಂಪನ್ಮೂಲಕ್ಕೆ ಮಿತಿಮೀರಿದ ಹೊರೆಯಾಗದಿದ್ದರೆ ಮತ್ತು ದಾಖಲೆಗೆ ಧಕ್ಕೆಯಾಗದಿದ್ದರೆ, ಕೇಳಿದ ರೂಪದಲ್ಲೇ ಮಾಹಿತಿ ಕೊಡಬೇಕು. ತಿಳಿದೂ ತಿಳಿದೂ ಅಪೂರ್ಣ ಅಥವಾ ತಪ್ಪುದಾರಿಗೆಳೆಯುವ ಮಾಹಿತಿ ಕೊಟ್ಟರೆ 20ನೇ ಪ್ರಕರಣದ ದಂಡವೂ ಉಂಟು. ತಲೆಬರಹ ಕಿತ್ತ ಪಟ್ಟಿ ಅಪೂರ್ಣವಲ್ಲವೆ?

ಅಧಿಕಾರಿಗಳ ಪರವಾಗಿಯೂ ಒಂದು ಮಾತಿದೆ. ಇಲ್ಲದ ಮಾಹಿತಿಯನ್ನು ಹೊಸದಾಗಿ ಕಲೆಹಾಕಿ ಕೊಡಬೇಕಾಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2011ರ ಸಿಬಿಎಸ್‌ಇ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನ್ಯಾಯವಾದ ಮಾತು. ಆದರೆ ಏಕಮಾನ ಹೊಸ ಮಾಹಿತಿಯಲ್ಲ. ಅದು ಅದೇ ರಿಜಿಸ್ಟರಿನ ಮೊದಲ ಪುಟದಲ್ಲಿದೆ. ಅದನ್ನು ಬಿಡುವುದರಿಂದ ಶ್ರಮವೇನೂ ಉಳಿಯದು. ಮೇಲ್ಮನವಿ ಬಂದಾಗ ಶ್ರಮ ಇಮ್ಮಡಿಯಾಗುತ್ತದೆ.

ತಪ್ಪು ಒಂದೇ ಕಡೆ ಇಲ್ಲ. ನಮ್ಮ ವಿದ್ಯಾರ್ಥಿಗಳ ಅರ್ಜಿಯನ್ನೂ ತಿದ್ದಿದೆ. 'ನೆರೆಗೆ ಸಂಬಂಧಿಸಿದ ಎಲ್ಲ ಮಾಹಿತಿ ಕೊಡಿ' ಎಂದು ಬರೆದಿದ್ದರು. ಯಾವ ಮಾಪಕ, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಗಂಟೆಗೊಮ್ಮೆ ಎಂಬುದಿಲ್ಲ. 'ನೆರೆ ಏಕೆ ಬಂತು?' ಎಂದೂ ಕೇಳಿದ್ದರು. ಕಾಯಿದೆ ದಾಖಲೆಯನ್ನು ಕೊಡಿಸುತ್ತದೆ, ವಿವರಣೆಯನ್ನಲ್ಲ. 'ಏಕೆ' ಎಂಬುದು ನಾವೇ ಮಾಡಬೇಕಾದ ವಿಜ್ಞಾನ. ಅಸ್ಪಷ್ಟ ಪ್ರಶ್ನೆಗೆ ಅಸ್ಪಷ್ಟ ಉತ್ತರ ಬಂದರೆ ಅಚ್ಚರಿಯೇನು?

ಎರಡನೇ ಅರ್ಜಿಯಲ್ಲಿ ಅವರು ಐದು ಅಂಶ ಬರೆದರು: ಮಾಪಕದ ಸ್ಥಳ, ಅದರ ಸೊನ್ನೆಯ ಮಟ್ಟ, ಅಳೆದ ವೇಳೆ, ಏಕಮಾನ, ಮತ್ತು ಕಂಪ್ಯೂಟರಿನಲ್ಲಿದ್ದರೆ ಅದೇ ರೂಪದ ಪ್ರತಿ. ಈ ಸಲ ತಲೆಬರಹದ ಪುಟ ಬಂತು, ಮಾಪಕದ ಸೊನ್ನೆಯೂ ಬಂತು. ಅದೇ ಕಚೇರಿ, ಅದೇ ರಿಜಿಸ್ಟರು.

ಇವನ್ನೆಲ್ಲ ಕೇಳದೆಯೇ ಪ್ರಕಟಿಸುವುದು ಇನ್ನೂ ಒಳ್ಳೆಯದು. ಜನರು ಅರ್ಜಿ ಹಾಕುವ ಅಗತ್ಯವೇ ಆದಷ್ಟು ಕಡಿಮೆಯಾಗಲಿ ಎಂಬುದು 4(2)ನೇ ಪ್ರಕರಣದ ಆಶಯ. ಅಲ್ಲಿಯವರೆಗೆ ಶಿಕ್ಷಕ ಬಂಧುಗಳು ಇದನ್ನೊಂದು ಪ್ರಯೋಗವಾಗಿ ಮಾಡಿಸಬಹುದು. ಹಕ್ಕು ಎಲ್ಲ ನಾಗರಿಕರಿಗೂ ಇದೆ. ಕಾಯಿದೆಯಲ್ಲಿ ವಯಸ್ಸಿನ ಮಿತಿ ಹೇಳಿಲ್ಲ. ಏಕಮಾನ ಬರೆಯದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ನದಿದಂಡೆಯಲ್ಲಿ ಮನೆ ಕಟ್ಟುವವನ ಪಾಲಿಗೆ ಅದೇ ತಪ್ಪು ಅಂಕದಷ್ಟು ಅಗ್ಗವಲ್ಲ.