ಒಲ್ಲೆ ಎನ್ನಲು ಎಡೆಯಿಲ್ಲದ ವಾಕ್ಯ: ದಾಂಪತ್ಯಾರೋಗ್ಯದ ಕನ್ನಡವನ್ನು ಕುರಿತು

ವಯಸ್ಕರ ಲೈಂಗಿಕ ಅರಿವನ್ನು ಕುರಿತ ಕನ್ನಡ ಬರವಣಿಗೆ ಹೊಸದಲ್ಲ. 11ನೆಯ ಶತಮಾನದ ಚಂದ್ರರಾಜನ ‘ಮದನತಿಲಕ’, 15ನೆಯ ಶತಮಾನದ ಕಲ್ಲರಸನ ‘ಜನವಶ್ಯ’ ಕಾಮಶಾಸ್ತ್ರವನ್ನು ಕನ್ನಡದಲ್ಲಿ ನಿರೂಪಿಸಿದವು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ‘ದಾಂಪತ್ಯ ದೀಪಿಕೆ’ಯಂತಹ ಕೃತಿಗಳನ್ನು ಸಾಮಾನ್ಯ ಓದುಗರಿಗಾಗಿ ಬರೆದರು. ಆದುದರಿಂದ ಕನ್ನಡದಲ್ಲಿ ಇದಕ್ಕೆ ಪದಗಳಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. ಕೊರತೆಯಿರುವುದು ಪದಕೋಶದಲ್ಲಲ್ಲ, ಇಂದಿನ ಆರೋಗ್ಯಪ್ರಚಾರದ ವಾಕ್ಯರಚನೆಯಲ್ಲಿ.

ಆ ಬರವಣಿಗೆಯ ಮಾದರಿಯಲ್ಲಿ ನಾವೇ ರಚಿಸಿಕೊಂಡ ಒಂದು ವಾಕ್ಯವನ್ನೂ ಅದಕ್ಕೆ ಪರ್ಯಾಯವನ್ನೂ ಹೋಲಿಸಬಹುದು:

(1) ಲೈಂಗಿಕ ಕ್ರಿಯೆಯ ಸಂದರ್ಭದಲ್ಲಿ ನೋವು ಕಂಡುಬಂದಲ್ಲಿ ತಜ್ಞರನ್ನು ಸಂಪರ್ಕಿಸತಕ್ಕದ್ದು.
(2) ಕೂಡುವಾಗ ನಿಮಗೆ ನೋವಾಗುತ್ತದೆಯೇ?

(1)ರಲ್ಲಿ ನೋವು ಯಾರದೆಂಬುದಕ್ಕೆ ಉತ್ತರವಿಲ್ಲ. ಅನುಭವಿಯನ್ನು ಸೂಚಿಸುವ ಚತುರ್ಥಿ ವಿಭಕ್ತಿ ಅಲ್ಲಿ ಲುಪ್ತವಾಗಿದೆ. ಕ್ರಿಯೆ ನಾಮಪದವಾದೊಡನೆ ಇಬ್ಬರು ವ್ಯಕ್ತಿಗಳೂ ಮರೆಯಾಗಿದ್ದಾರೆ. (2)ರಲ್ಲಿ ‘ನಿಮಗೆ’ ಎಂಬ ಒಂದು ಪದ ‘ನನಗೆ ನೋವಾಗುತ್ತದೆ’ ಎಂಬ ಉತ್ತರಕ್ಕೆ ಎಡೆಮಾಡಿಕೊಡುತ್ತದೆ. ಇದು ಶೈಲಿಯ ವ್ಯತ್ಯಾಸವಷ್ಟೇ ಅಲ್ಲ. ವರ್ಷಗಟ್ಟಲೆ ನೋವನ್ನು ಹೇಳದೆ ಉಳಿದ ಹೆಂಗಸಿಗೆ ಮಾತಿನ ಅವಕಾಶದ ವ್ಯತ್ಯಾಸ.

(1)ರ ಬಗೆಯ ಭಾಷೆಗೆ ಒಂದು ಸಮರ್ಥನೆಯುಂಟು. ದೇಹಾಂಗಗಳನ್ನು ಸೂಚಿಸುವ ಹಲವು ದೇಶ್ಯಪದಗಳು ಬೈಗುಳಗಳಾಗಿಬಿಟ್ಟಿವೆ. ಸಂಸ್ಕೃತ ಪದ ಆ ಕಳಂಕದಿಂದ ದೂರವಿಡುತ್ತದೆ. ಆದುದರಿಂದ ಅಚ್ಚಗನ್ನಡವೇ ಪರಿಹಾರವೆಂದು ನಾವು ಹೇಳುತ್ತಿಲ್ಲ. ಆದರೆ ‘ಕೂಡು’ ಎಂಬ ಕ್ರಿಯಾಪದವೂ ಗ್ರಾಮ್ಯವೆಂಬ ಅಳುಕಿಗೆ ಆಧಾರವಿಲ್ಲ. ನಾವು ವಾಸಿಸುವ ಬೆಂಗಳೂರಿನ ಬಸವೇಶ್ವರನಗರದ ಆಡುಮಾತಿನಲ್ಲಿ ‘ಸೇರೋದು’, ‘ಒಟ್ಟಿಗಿರೋದು’, ‘ಫಿಸಿಕಲ್’, ಬರಿಯ ‘ಅದು’ ಇವೆಲ್ಲ ಕೇಳಿಬರುತ್ತವೆ. ‘ಕೂಡು’ ಹಿಂದೆ ಸರಿದಿದೆ. ಈ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ಬಸವಣ್ಣನ ಅಂಕಿತವಾದರೋ ‘ಕೂಡಲಸಂಗಮದೇವ’. ಕೃಷ್ಣಾ ಮಲಪ್ರಭೆಯರು ಕೂಡುವ ಸ್ಥಳದ ಆ ಹೆಸರಿನಲ್ಲಿ ದೇಶ್ಯವಾದ ‘ಕೂಡಲ’ವೂ ಸಂಸ್ಕೃತದ ‘ಸಂಗಮ’ವೂ ಒಂದೇ ಅರ್ಥವನ್ನು ಸಮಾನ ಗೌರವದಿಂದ ನುಡಿಯುತ್ತವೆ.

ಇನ್ನು ನಿರಾಕರಣೆಯ ಪ್ರಶ್ನೆ. ‘ಒಲವು’, ‘ಒಲಿ’ ಪದಗಳ ಧಾತುವಿನಿಂದಲೇ ‘ಒಲ್ಲೆ’ ಎಂಬ ನಿಷೇಧರೂಪ ಹುಟ್ಟಿದೆ. ‘ನನಗೆ ಬೇಡ’ ಎಂಬಲ್ಲಿ ನಿರಾಕರಿಸುವವಳು ಚತುರ್ಥಿಯಲ್ಲಿದ್ದಾಳೆ. ‘ನಾನು ಒಲ್ಲೆ’, ‘ಅವಳು ಒಲ್ಲಳು’ ಎಂಬಲ್ಲಿ ಅವಳೇ ಕರ್ತೃ, ಕ್ರಿಯಾಪದವೇ ಪುರುಷವಾಚಿ. ಉತ್ತರ ಕರ್ನಾಟಕದ ಮಾತಿನಲ್ಲಿ ಈ ರೂಪ ಇಂದಿಗೂ ಜೀವಂತ. ಪ್ರೀತಿಸುವ ಇಚ್ಛೆಯೂ ನಿರಾಕರಿಸುವ ಇಚ್ಛೆಯೂ ಒಂದೇ ಧಾತುವಿನವು ಎಂಬ ಈ ಸಂಗತಿ ದಾಂಪತ್ಯ ಶಿಕ್ಷಣಕ್ಕೆ ದೊಡ್ಡ ಆಸರೆಯಾಗಬಲ್ಲದು. ಅದಕ್ಕೆ ಬದಲಾಗಿ ಬಳಕೆಗೆ ಬಂದಿರುವ ‘ಸಮ್ಮತಿ ಪಡೆಯುವುದು’ ಎಂಬ ನುಡಿಗಟ್ಟು ಸಮ್ಮತಿಯನ್ನು ಒಮ್ಮೆ ಪಡೆದು ಇಟ್ಟುಕೊಳ್ಳುವ ವಸ್ತುವಾಗಿಸುತ್ತದೆ. ‘ಒಪ್ಪಿದಳು’, ‘ಒಪ್ಪುತ್ತಾಳೆ’ ಎಂಬ ಕ್ರಿಯಾಪದಗಳಿಗಾದರೋ ಕಾಲವುಂಟು: ನಿನ್ನೆಯ ಒಪ್ಪಿಗೆ ಇಂದಿನದಲ್ಲ.

2023ರ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು ಸಮ್ಮತಿಯು ಮಾತು, ಸನ್ನೆ ಮುಂತಾದ ಸಂವಹನದಿಂದ ಸ್ಪಷ್ಟವಾಗಿ ವ್ಯಕ್ತವಾಗಬೇಕೆನ್ನುತ್ತದೆ. ಅದೇ ಕಲಮಿನ ಎರಡನೆಯ ವಿನಾಯಿತಿ 18 ವರ್ಷಕ್ಕೆ ಕಡಮೆಯಿಲ್ಲದ ಪತ್ನಿಯೊಡನೆ ಪತಿ ನಡೆಸುವ ಸಂಭೋಗವನ್ನು ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಹೀಗೆ ಕಾನೂನು ಪತ್ನಿಯ ಮಾತಿಗೆ ಕಿವಿಗೊಡದ ಎಡೆಯಲ್ಲಿ ಮನೆಯ ಮಾತು, ವೈದ್ಯರ ಮುಂದಿನ ಮಾತು ಇವೇ ಅವಳಿಗೆ ಉಳಿದವು. ಆರೋಗ್ಯಪಠ್ಯಗಳನ್ನು ಸಿದ್ಧಪಡಿಸುವವರು ಹೊಸ ಪಾರಿಭಾಷಿಕ ಪದಗಳನ್ನು ಟಂಕಿಸುವ ಮುನ್ನ ಪ್ರತಿವಾಕ್ಯಕ್ಕೂ ಒಂದು ಪರೀಕ್ಷೆಯನ್ನೊಡ್ಡಬೇಕೆಂಬುದು ನಮ್ಮ ಸೂಚನೆ: ಇದಕ್ಕೆ ‘ನಾನು’ ಅಥವಾ ‘ನನಗೆ’ ಎಂದು ಆರಂಭಿಸಿ ಉತ್ತರಿಸಲು ಸಾಧ್ಯವೇ? ಸಾಧ್ಯವಾಗದಿದ್ದಲ್ಲಿ ಆ ವಾಕ್ಯವನ್ನು ತಿದ್ದಬೇಕು.