ಒಳಕಿವಿಯ ಅಲೆ ಕಂಡವರು

ಗೇಯಾರ್ಗ್ ಫಾನ್ ಬೇಕೇಶಿ ವೈದ್ಯರಲ್ಲ, ಭೌತವಿಜ್ಞಾನಿ. ಬುಡಾಪೆಸ್ಟ್‌ನಲ್ಲಿ ಹಂಗೆರಿಯ ಅಂಚೆ ಇಲಾಖೆಯ ದೂರವಾಣಿ ಪ್ರಯೋಗಾಲಯದಲ್ಲಿ ಕೆಲಸ. ತಂತಿಯ ಕೊನೆಗೆ ಇರುವುದು ಮನುಷ್ಯನ ಕಿವಿ ತಾನೇ? ಅವರು ಅದರ ಬೆನ್ನು ಹತ್ತಿದರು.

ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ. ಬಿಡಿಸಿದರೆ ಸುಮಾರು 35 ಮಿಲಿಮೀಟರ್. ಸುತ್ತಲೂ ಕಲ್ಲಿನಂಥ ಗಟ್ಟಿ ಮೂಳೆ, ಒಳಗೆ ಗಾಳಿ ತಾಗಿದರೆ ಒಣಗುವ ಪೊರೆ. ಬೇಕೇಶಿ ಶವದಿಂದ ತೆಗೆದ ಆ ಮೂಳೆಯನ್ನು ನೀರಿನಲ್ಲೇ ಮುಳುಗಿಸಿಟ್ಟು, ಸೂಕ್ಷ್ಮದರ್ಶಕದಡಿ ಕೊರೆದರು. ಎಂಥ ಕೈ! ಪೊರೆ ಪಾರದರ್ಶಕ, ಕಾಣುವುದಿಲ್ಲ; ಅದರ ಮೇಲೆ ಬೆಳ್ಳಿಯ ಕಣಗಳನ್ನು ಉದುರಿಸಿದರು. ಸದ್ದು ಕೊಟ್ಟಾಗ ಪೊರೆಯ ಕಂಪನವೋ ಕಣ್ಣಿಗೆ ನಿಲುಕದಷ್ಟು ವೇಗ. ಮಿನುಗುದೀಪದ ಬೆಳಕಿನಲ್ಲಿ ಅದು ನಿಧಾನಿಸಿದಂತೆ ಕಂಡಿತು. ಅಲೆಯೊಂದು ಬುಡದಿಂದ ತುದಿಯ ಕಡೆಗೆ ಸಾಗಿ, ಒಂದೊಂದು ಸ್ವರಕ್ಕೆ ಒಂದೊಂದು ಜಾಗದಲ್ಲಿ ಉಬ್ಬಿ, ಇಳಿದುಹೋಗುತ್ತಿತ್ತು. ತಾರಸ್ವರಕ್ಕೆ ಬುಡ, ಮಂದ್ರಕ್ಕೆ ತುದಿ.

ಜೀವಂತ ಕಿವಿಯಲ್ಲಿ ಆ ಉಬ್ಬು ಇನ್ನೂ ಚೂಪಾಗಿರುತ್ತದೆಂದು ಮುಂದಿನವರು ತೋರಿಸಿದರು. ಆದರೂ ಆ ಬೆಳ್ಳಿಕಣಗಳ ಹೊಳಪು ನನ್ನ ಮಟ್ಟಿಗೆ ಕುಂದಿಲ್ಲ. 1961ರ ನೊಬೆಲ್ ಬಂದದ್ದು ಈ ಕೆಲಸಕ್ಕೇ.

ನನಗೆ ಅಷ್ಟೇ ಪ್ರಿಯ, ಶ್ರವಣಶಕ್ತಿ ಅಳೆಯುವ ಅವರ ಆಡಿಯೊಮೀಟರ್. ಕೇಳಿಸುವಷ್ಟು ಹೊತ್ತು ಗುಂಡಿ ಒತ್ತಿ ಹಿಡಿಯಬೇಕು, ಸದ್ದು ಕುಗ್ಗುತ್ತ ಹೋಗುತ್ತದೆ. ಕೇಳಿಸದಾದಾಗ ಬಿಡಬೇಕು, ಮತ್ತೆ ಏರುತ್ತದೆ. ಇತ್ತ ಕಾಗದದ ಮೇಲೆ ಲೇಖನಿ ಅಂಕುಡೊಂಕು ಗೆರೆ ಎಳೆಯುತ್ತದೆ. ಪರೀಕ್ಷಕರು ಊಹಿಸಬೇಕಾಗಿಲ್ಲ, ಕಿವಿ ಮಂದವಾದವರು ತಮ್ಮ ಶ್ರವಣದ ಗಡಿಯನ್ನು ತಮ್ಮ ಬೆರಳಿನಿಂದಲೇ ಗುರುತು ಹಾಕುತ್ತಾರೆ.