ಬೈಲು, ವಯಲ್, ಬಯಲು: ಕಾದಂಬರಿಕಾರರು ನೆಲವನ್ನು ಅರಿಯುವ ಬಗೆ

ನಿರಂಜನರ ‘ಚಿರಸ್ಮರಣೆ’ 1955ರಲ್ಲಿ ಪ್ರಕಟವಾದಾಗ ಕಯ್ಯೂರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಹಳ್ಳಿ. ಅಲ್ಲಿಯ ರೈತನ ಅಹವಾಲು ಕೊನೆಗೆ ತಲುಪಬೇಕಾದ ಜಿಲ್ಲಾ ಕಚೇರಿ ಮಂಗಳೂರಿನಲ್ಲಿತ್ತು. ಮರುವರ್ಷ ನವೆಂಬರ್ 1ರಂದು ಅದು ಕೇರಳದ ಊರಾಯಿತು. ಕಾಸರಗೋಡಿನ ಬಗೆಗಿನ ಗಡಿವಾದದಲ್ಲಿ ಕನ್ನಡದ ಪರವಾಗಿ ಎತ್ತಿ ಹಿಡಿಯಲಾಗುವ ಮಹಾಜನ ಆಯೋಗದ ಶಿಫಾರಸು ಕೂಡ ಚಂದ್ರಗಿರಿ ಹೊಳೆಯ ಉತ್ತರಕ್ಕೆ ನಿಲ್ಲುತ್ತದೆ. ಕಯ್ಯೂರು ಇರುವುದು ಅದರ ದಕ್ಷಿಣಕ್ಕೆ. ಹೀಗೆ ಕನ್ನಡದ ಒಂದು ಮುಖ್ಯ ರಾಜಕೀಯ ಕಾದಂಬರಿಯ ನೆಲ ಕನ್ನಡಿಗರು ತಮ್ಮದೆಂದು ವಾದಿಸದ ನೆಲ. ಈ ಕೃತಿಯ ಕುರಿತ ಚರ್ಚೆ ಬಹುಮಟ್ಟಿಗೆ ಅದರ ಸಿದ್ಧಾಂತದ ಸುತ್ತ ನಡೆದಿದೆ. ಅದರ ನೆಲ ಯಾವುದು, ಲೇಖಕರಿಗೆ ಅದು ತಿಳಿದುಬಂದ ಬಗೆ ಯಾವುದು ಎಂಬ ಪ್ರಶ್ನೆ ಅಷ್ಟಾಗಿ ಏಳಲಿಲ್ಲ.

ಪಶ್ಚಿಮಘಟ್ಟದ ತಪ್ಪಲಿನ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು ಪ್ರೌಢಶಾಲೆಯ ಓದಿಗೆ ನೀಲೇಶ್ವರಕ್ಕೆ ಹೋದವರು. ಕಯ್ಯೂರು ಅಲ್ಲಿಂದ ದೂರವಲ್ಲ. ಅವರ ಕ್ಷೇತ್ರಕಾರ್ಯ, ಅದನ್ನು ಹಾಗೆ ಕರೆಯಬಹುದಾದರೆ, ಕಾದಂಬರಿ ಬರೆಯುವ ಯೋಚನೆಗೆ ಮೊದಲೇ ಮುಗಿದಿತ್ತು. ‘ಚಿರಸ್ಮರಣೆ’ಯಲ್ಲಿ ನಿಸರ್ಗವರ್ಣನೆ ವಿರಳ, ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು, ಮರಳು, ಮಳೆಗಳಿಗಿರುವ ಪಾತ್ರಸಮಾನವಾದ ಸ್ಥಾನ ಇಲ್ಲಿ ಯಾವುದಕ್ಕೂ ಇಲ್ಲ. ನಿರಂಜನರ ಕಣ್ಣು ಸಂಘಟನೆಯ ಮೇಲೆ ನೆಟ್ಟಿದೆ. ಆದರೂ ಕೃತಿಯ ಕೇಂದ್ರ ಘಟನೆಯನ್ನು ರೂಪಿಸಿದ್ದು ನೆಲವೇ, ಅದರಲ್ಲಿಯೂ ನೀರು.

1941ರ ಮಾರ್ಚ್ 28ರಂದು ಕಯ್ಯೂರಿನ ರೈತರ ಮೆರವಣಿಗೆಗೆ ಎದುರಾದ ಪೊಲೀಸ್ ಪೇದೆಯೊಬ್ಬ ಹೊಳೆಗೆ ಹಾರಿದ, ಬದುಕಿ ಬರಲಿಲ್ಲ. ಎರಡು ವರ್ಷಗಳ ಬಳಿಕ, 1943ರ ಮಾರ್ಚ್ 29ರಂದು, ನಾಲ್ವರು ಯುವಕರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಮಾರ್ಚ್ ಕೊನೆಯೆಂದರೆ ಮಲಯಾಳದ ಮೀನಮಾಸ, ಸುಡುಬೇಸಗೆ. ಘಟ್ಟದ ಮೇಲಿನ ಓದುಗನ ಅನುಭವದಲ್ಲಿ ಆ ಹೊತ್ತಿಗೆ ಹಳ್ಳಹೊಳೆಗಳು ಮೊಣಕಾಲುದ್ದಕ್ಕೆ ಇಳಿದಿರುತ್ತವೆ. ಅಂಥ ಹೊಳೆಯಲ್ಲಿ ಗಟ್ಟಿಮುಟ್ಟಾದ ಒಬ್ಬ ಮುಳುಗುವುದು ಹೇಗೆ? ಉತ್ತರ ಭೂಗೋಳದಲ್ಲಿದೆ. ಕಾರ್ಯಂಕೋಡು ಹೊಳೆ, ಅಂದರೆ ತೇಜಸ್ವಿನಿ, ನೀಲೇಶ್ವರದ ಬಳಿ ಕಡಲು ಸೇರುವ ಮೊದಲಿನ ಹರಿವಿನಲ್ಲಿ ಉಬ್ಬರವಿಳಿತಕ್ಕೆ ಒಳಗಾಗುತ್ತದೆ. ಮಳೆಯ ನೀರು ಬತ್ತಿದಾಗ ಕಡಲಿನ ನೀರು ಒಳನುಗ್ಗುತ್ತದೆ. ನೀಲೇಶ್ವರದಲ್ಲಿ ಓದಿದವನಿಗೆ ಇದು ವಿವರಿಸಬೇಕಾದ ಸಂಗತಿಯಲ್ಲ, ಆದ್ದರಿಂದ ನಿರಂಜನರು ಅದನ್ನು ಪಾಠದಂತೆ ಒಪ್ಪಿಸುವುದಿಲ್ಲ. ನಕ್ಷೆಯನ್ನೂ ಮಳೆಯ ಅಂಕಿಅಂಶಗಳನ್ನೂ ಮುಂದಿಟ್ಟುಕೊಂಡು ಬರೆಯುವವರು ಎಡವುವುದು ಇಂಥಲ್ಲಿ: ಅವರು ಹೊಳೆಯನ್ನು ಬತ್ತಿಸಿಬಿಡುತ್ತಾರೆ, ಅಥವಾ ಅದರ ಆಳಕ್ಕೆ ಒಂದು ಪುಟದ ಸಮರ್ಥನೆ ಬರೆಯುತ್ತಾರೆ.

ಇನ್ನೊಂದು ತೊಡಕು ಭಾಷೆಯದು. ಗಡಿನಾಡಿನ ಅಧ್ಯಯನಕ್ಕೆ ಹೆಚ್ಚು ಫಲವತ್ತಾದದ್ದೂ ಇದೇ. ದಕ್ಷಿಣ ಕನ್ನಡದಲ್ಲಿ ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುವುದು ಸರ್ವವಿದಿತ. ತಗ್ಗಿನಲ್ಲಿ ನೀರು ನಿಂತು ಎರಡು, ಕೆಲವೆಡೆ ಮೂರು ಬೆಳೆ ಕೊಡುವುದು ಬೈಲು. ನಡುವಿನ ಹಂತದ್ದು ಮಜಲು. ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವುದು ಬೆಟ್ಟು. ಇದು ಭೂರಚನೆಯ ವರ್ಣನೆ ಮಾತ್ರವಲ್ಲ, ಗೇಣಿಯ ಲೆಕ್ಕವೂ ಹೌದು. ಹೊಲದ ಅಂಚಿನ ನಾಲ್ಕಡಿ ಏರಿಳಿತ ಒಕ್ಕಲಿನವನ ವರ್ಷದ ಅನ್ನವನ್ನು ನಿರ್ಧರಿಸುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಸ್ಟರಕ್ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಯನ್ನು ರಚಿಸುವ ಹೊತ್ತಿಗೆ ಒಕ್ಕಲಿನವನ ಈ ಮಾತುಗಳು ಸರಕಾರದ ಮಾತುಗಳೂ ಆಗಿದ್ದವು. ಕಾದಂಬರಿಯ ಸಿದ್ಧತೆಗಾಗಿ ಕೈಪಿಡಿ, ಗೆಜೆಟಿಯರುಗಳನ್ನು ತೆರೆಯುವವರು ಮರೆಯಬಾರದ ವಿಷಯ ಇದು: ಅಲ್ಲಿ ಸಿಗುವುದು ಇಳುವರಿಯನ್ನು ಅಳೆಯಲು ಬಂದವನು ಕಂಡ ನೆಲ.

ಕಯ್ಯೂರಿನ ಒಕ್ಕಲು ಮಾತನಾಡಿದ್ದು ಮಲಯಾಳ; ಅವನಿಗೆ ಗದ್ದೆ ‘ವಯಲ್’, ಗುಡ್ಡ ‘ಕುನ್ನ್’, ಗುಡ್ಡ ಕಡಿದು ಸುಟ್ಟು ಮಾಡುವ ಬೇಸಾಯ ‘ಪುನಂ’. ಈ ಕೊನೆಯದನ್ನು ತುಳುನಾಡಿನ ಕನ್ನಡ ‘ಕುಮರಿ’ ಎನ್ನುತ್ತದೆ. ವಯಲ್, ಬೈಲು, ಬಯಲು ಒಂದೇ ಬೇರಿನ ಮಾತುಗಳು. ಆದರೆ ಘಟ್ಟದ ಮೇಲಿನ ಕನ್ನಡದಲ್ಲಿ ‘ಬಯಲು’ ತೆರೆದ ನೆಲ. ವಚನಕಾರರ ಬಳಿಕ ಅದು ಶೂನ್ಯವೂ ಆಗಿದೆ. ಕರಾವಳಿಯಲ್ಲಿ ಅದೇ ಮಾತು ಅತ್ಯಂತ ತುಂಬಿದ, ಅತ್ಯಂತ ಬೆಲೆಬಾಳುವ, ಆದ್ದರಿಂದಲೇ ಅತ್ಯಂತ ಹೆಚ್ಚು ಜಗಳಕ್ಕೆ ಕಾರಣವಾಗುವ ಭೂಮಿಯ ಹೆಸರು. ಜಮೀನ್ದಾರಿಯ ವಿರುದ್ಧದ ಕಥೆಯನ್ನು ನಾಡಿನ ಎಲ್ಲ ಓದುಗರಿಗೆ ತಲುಪುವ ಶಿಷ್ಟ ಕನ್ನಡದಲ್ಲಿ ಬರೆಯುವಾಗ ಈ ಏರುತಗ್ಗುಗಳು ಸಪಾಟಾಗುವುದು ಅನಿವಾರ್ಯ. ನಿರಂಜನರು ಓದುಗರ ವ್ಯಾಪ್ತಿಯನ್ನು ಆರಿಸಿಕೊಂಡರು. ಅದಕ್ಕೆ ತೆತ್ತ ಬೆಲೆ ಚಿಕ್ಕದಲ್ಲ. ಶೋಷಣೆ ಕೃತಿಯಲ್ಲಿ ಕಣ್ಣಿಗೆ ಕಟ್ಟುತ್ತದೆ. ಅದು ಯಾವ ಮಟ್ಟದ ಗದ್ದೆಯ ಮೇಲೆ ನಡೆಯುತ್ತದೆ ಎಂಬುದು ಮಸುಕಾಗುತ್ತದೆ.

‘ವಯನಾಡು’ ಎಂಬ ಹೆಸರನ್ನೂ ವಯಲಿನಿಂದಲೇ ನಿಷ್ಪನ್ನಗೊಳಿಸುವ ರೂಢಿಯಿದೆ. ಎಸ್. ಕೆ. ಪೊಟ್ಟೆಕ್ಕಾಟ್ಟರ ‘ವಿಷಕನ್ಯಕ’ (1948) ಆ ನಾಡಿನ ಕಾಡಿಗೆ ತಿರುವಾಂಕೂರಿನಿಂದ ವಲಸೆ ಬಂದ ರೈತರ ಕಥೆ. ಮಲೇರಿಯ, ಕಾಡುಮೃಗಗಳು ಒಬ್ಬೊಬ್ಬರನ್ನೇ ಮುಗಿಸುತ್ತವೆ. ಕರೆದು ಕೊಲ್ಲುವ ವಿಷಕನ್ಯೆಯಾಗಿ ನೆಲ ಕಾಣಿಸಿಕೊಳ್ಳುತ್ತದೆ. ಪೊಟ್ಟೆಕ್ಕಾಟ್ಟರು ಪ್ರಸಿದ್ಧ ಪ್ರವಾಸ ಲೇಖಕರು. ಹೊಸ ನೆಲವನ್ನು ಕಾಣುವ ಅವರ ಕಣ್ಣು ಚುರುಕು. ಆದರೆ ರೂಪಕ ತೀರ ಪ್ರಬಲವಾಗಿದೆ. ಜೇನುಕುರುಬರಿಗೆ, ವಯನಾಡನ್ ಚೆಟ್ಟಿಗಳಿಗೆ ಅದು ಕನ್ಯೆಯೂ ಅಲ್ಲ, ವಿಷವೂ ಅಲ್ಲ. ಪ್ರತಿ ತಿರುವಿಗೂ ಹೆಸರಿರುವ ವಾಸಸ್ಥಳ. ವಲಸಿಗರ ಅಜ್ಞಾನವೇ ಕಾದಂಬರಿಯ ವಸ್ತುವಾದ್ದರಿಂದ ಈ ಕೊರತೆಯನ್ನು ದೋಷವೆಂದು ಸುಲಭವಾಗಿ ಹೇಳಲಾಗದು. ಅಜ್ಞಾನ ಪಾತ್ರಗಳದೋ ಕೃತಿಯದೋ ಎಂದು ಹಲವೆಡೆ ತೀರ್ಮಾನಿಸಲಾಗದು ಎಂಬುದಂತೂ ನಿಜ.

ತಮಿಳಿನ ರಾಜಂ ಕೃಷ್ಣನ್ ಈ ಇಬ್ಬರಿಗಿಂತ ಭಿನ್ನ. ಕ್ಷೇತ್ರಾಧ್ಯಯನವನ್ನೇ ಕಾದಂಬರಿಯ ವಿಧಾನವಾಗಿಸಿಕೊಂಡವರು ಅವರು. ಮುಂದೆ ಉಪ್ಪಿನ ಗದ್ದೆಗಳ ಕೆಲಸಗಾರರನ್ನೂ ಹೀಗೆಯೇ ಹತ್ತಿರದಿಂದ ಕಂಡು ಬರೆದರು. ನೀಲಗಿರಿಯಲ್ಲಿ ನೆಲೆಸಿದ್ದ ಅನುಭವದಿಂದ ಬಂದ ‘ಕುರಿಂಜಿತ್ತೇನ್’ (1963) ಬಡಗರ ಹಟ್ಟಿಯೊಂದರ ತಲೆಮಾರುಗಳ ಕಥೆ. ದನ, ರಾಗಿ, ಹಾಲುಮನೆಗಳ ಬದುಕಿನೊಳಕ್ಕೆ ಚಹಾ ತೋಟವೂ ಹಣವೂ ಬರುವುದನ್ನು ಅದು ಇಳಿಜಾರುಗಳ ಮೂಲಕವೇ ತೋರಿಸುತ್ತದೆ: ಒಂದು ಕಾಲಕ್ಕೆ ಧಾನ್ಯದ್ದಾಗಿದ್ದ ಓರೆ ನೆಲ ಚಹಾದ್ದಾಗುತ್ತದೆ. ಭೂಮಿಯ ಬಳಕೆಯೇ ಕಥನವಾಗುವ ಈ ಗುಣದಲ್ಲಿ ಅದು ‘ಚಿರಸ್ಮರಣೆ’ಯನ್ನೂ ಮೀರಿಸುತ್ತದೆ.

ಆದರೆ ಶೀರ್ಷಿಕೆಯತ್ತ ನೋಡಬೇಕು. ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟವನ್ನು ನೀಲಿಯಾಗಿಸುವ ಹೂವು. ಜೊತೆಗೆ ಸಂಗಂ ಕಾವ್ಯದ ಐದು ತಿಣೈಗಳಲ್ಲಿ ಬೆಟ್ಟಕ್ಕೂ ಪ್ರೇಮಿಗಳ ಕೂಟಕ್ಕೂ ಸಲ್ಲುವ ತಿಣೈ. ಎಂದರೆ ಲೇಖಕಿ ಟಿಪ್ಪಣಿ ಪುಸ್ತಕ ಹಿಡಿದು ಹಟ್ಟಿಯ ಮೆಟ್ಟಿಲೇರುವ ಮೊದಲೇ ಆ ಬೆಟ್ಟಕ್ಕೆ ತಮಿಳಿನಲ್ಲಿ ಒಂದು ನಕ್ಷೆ ಸಿದ್ಧವಾಗಿತ್ತು. ಬಡಗರು ‘ಬಡಗ’ರು, ಬಡಗಣಿಂದ ಬಂದವರು, ಅವರ ನುಡಿ ಕನ್ನಡದ ಹತ್ತಿರದ ಬಂಧು. ಅವರ ಬೆಟ್ಟವನ್ನು ತಿಣೈಗೆ ಒಗ್ಗಿಸುವುದು ಪ್ರೀತಿಯ ಕೆಲಸ, ನಿಜ. ಆದರೆ ಅದು ಒಗ್ಗಿಸುವ ಕೆಲಸವೇ. 2,637 ಮೀಟರ್ ಎತ್ತರದ ದೊಡ್ಡಬೆಟ್ಟ ತಮಿಳು ಓದುಗನಿಗೆ ಒಂದು ಅಂಕಿತನಾಮ. ಕನ್ನಡ ಓದುಗನಿಗೆ ಅದು ಒಂದು ವಾಕ್ಯದಷ್ಟು ಅರ್ಥ ಕೊಡುವ ವರ್ಣನೆ. ಹೊಸದುರ್ಗ ಎಂಬ ಹೆಸರಿನ ಗತಿಯೂ ಇದೇ: ಕೆಳದಿಯವರು ಕಟ್ಟಿದ ಹೊಸ ಕೋಟೆ ಎಂಬ ಅರ್ಥ ಮಲಯಾಳ ಓದುಗನ ಕಿವಿಗೆ ಕೇಳಿಸದು.

ಈ ಕೇಳ್ಮೆಯನ್ನು ಹಕ್ಕೆಂದು ಭಾವಿಸುವ ಕನ್ನಡ ವಿಮರ್ಶೆಯ ಆತುರಕ್ಕೂ ಇಲ್ಲಿ ತಡೆ ಬೇಕು. ರಾಜಂ ಕೃಷ್ಣನ್ ಬಡಗರ ಬೆಟ್ಟದ ಮೇಲೆ ತಿಣೈಯನ್ನು ಹಾಸಿದಂತೆಯೇ ನಿರಂಜನರೂ ಕಯ್ಯೂರಿನ ವಯಲಿನ ಮೇಲೆ ಶಿಷ್ಟ ಕನ್ನಡವನ್ನು ಹಾಸಿದರು. ವ್ಯತ್ಯಾಸವಿದ್ದರೆ ಪ್ರಮಾಣದಲ್ಲಿ.

‘ಚಿರಸ್ಮರಣೆ’ ಮಲಯಾಳಕ್ಕೂ ಅನುವಾದಗೊಂಡಿದೆ. ಅಲ್ಲಿ ನೆಲದ ಮಾತುಗಳು ಹುಟ್ಟೂರಿಗೆ ಮರಳಿದವು: ಗದ್ದೆ ಮತ್ತೆ ವಯಲ್ ಆಗಬಲ್ಲದು, ಗುಡ್ಡ ಕುನ್ನ್ ಆಗಬಲ್ಲದು. ಅನುವಾದಕನಿಗೆ ಮೂಲಲೇಖಕನಿಗಿಂತ ಹತ್ತಿರದ ಪದಕೋಶ ದೊರೆಯುವ ಇಂಥ ಸಂದರ್ಭ ಅಪರೂಪ. ಎರಡೂ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಹೊಳೆ, ಗದ್ದೆ, ಗುಡ್ಡ, ದಾರಿ, ಕಡವುಗಳ ಹೆಸರುಗಳನ್ನಷ್ಟೇ ಹೋಲಿಸಿದರೂ, ಕನ್ನಡದಲ್ಲಿ ಸಪಾಟಾದ ಏರುತಗ್ಗು ಎಲ್ಲೆಲ್ಲಿ ಮರಳಿ ತಲೆಯೆತ್ತಿದೆ, ಎಲ್ಲಿ ಮಲಯಾಳದ ಶಿಷ್ಟ ಗದ್ಯ ಅದನ್ನು ಇನ್ನೊಮ್ಮೆ ಸವರಿದೆ ಎಂಬುದು ಗೊತ್ತಾದೀತು. ಎರಡೂ ಭಾಷೆ ಬಲ್ಲ ಕಾಸರಗೋಡಿನ ವಿದ್ಯಾರ್ಥಿಯೊಬ್ಬನಿಗೆ ಇದು ಒಂದು ಬೇಸಗೆಯ ಕೆಲಸ. ಮಾರ್ಚ್ ಕೊನೆಯಲ್ಲಿ, ಉಬ್ಬರದ ಹೊತ್ತಿಗೆ, ಹೊಳೆಯ ದಡದಲ್ಲಿ ಒಮ್ಮೆ ನಿಂತು ನೋಡುವುದೂ ಅದರ ಭಾಗವಾಗಬೇಕು.